ಯುಪಿಎಸ್ ಮೇಲೆ ಕಣ್ಣಿಡುವ ‘ನಟ್’: ಅಗ್ರಹಾರದ ಪುಟವಿನ್ಯಾಸ ಕಚೇರಿಯಲ್ಲಿ ಎರಡು ವರ್ಷಗಳ ಬಳಕೆ

ಮೈಸೂರಿನ ಅಗ್ರಹಾರದಲ್ಲಿ ನಾವು ಮೂವರು ಸೇರಿ ನಡೆಸುತ್ತಿರುವ ಪುಟವಿನ್ಯಾಸದ ಕಚೇರಿಯಲ್ಲಿ ಹನ್ನೆರಡು ವರ್ಷಗಳ ಪುಸ್ತಕದ ಕಡತಗಳೆಲ್ಲ ಒಂದೇ ಸರ್ವರ್ ಕಂಪ್ಯೂಟರಿನಲ್ಲಿವೆ. 2023ರ ಮೇ ತಿಂಗಳ ಒಂದು ರಾತ್ರಿ, ಮಳೆಗೆ ಮುಂಚೆ ಬೀಸಿದ ಗಾಳಿಗೆ ಎಲ್ಲೋ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಯುಪಿಎಸ್ ತನ್ನ ಪಾಲಿನ ಕೆಲಸವನ್ನು ತಪ್ಪದೆ ಮಾಡಿತು. ಬ್ಯಾಟರಿಯಲ್ಲಿ ಕಸುವಿರುವಷ್ಟು ಹೊತ್ತು ಸರ್ವರನ್ನು ನಡೆಸಿ, ಬೀಗ ಹಾಕಿದ ಬಾಗಿಲಿನ ಹಿಂದೆ ಬೀಪ್ ಬೀಪ್ ಎಂದು ಕೂಗಿ ಕೂಗಿ ಕೊನೆಗೆ ಸುಮ್ಮನಾಯಿತು. ಸರ್ವರ್‌ಗೆ ಮಾತ್ರ ಕರೆಂಟು ಹೋದ ಸುದ್ದಿಯೇ ಮುಟ್ಟಿರಲಿಲ್ಲ. ದಿನದ ಕೆಲಸವನ್ನು ರಾತ್ರಿ ತಾನಾಗಿ ಸಂಗ್ರಹಕ್ಕೆ ಸಾಗಿಸುವ ಕ್ರಿಯೆ ಅರ್ಧಕ್ಕೆ ನಿಂತು, ಮರುದಿನ ಅಚ್ಚಿಗೆ ಹೋಗಬೇಕಿದ್ದ 340 ಪುಟಗಳ ಪುಸ್ತಕ ತೆರೆಯಲೇ ಇಲ್ಲ. ಆ ಪುಸ್ತಕವನ್ನು ಹಳೆಯ ಕರಡಿನಿಂದ ಮತ್ತೆ ಕಟ್ಟಲು ಒಂಬತ್ತು ದಿನ ಹಿಡಿಯಿತು. ಯುಪಿಎಸ್ ಕೊಡುವುದು ಸ್ವಲ್ಪ ಕಾಲಾವಕಾಶವನ್ನಷ್ಟೇ, ಆ ಅವಕಾಶದಲ್ಲಿ ಕಡತಗಳನ್ನು ಮುಚ್ಚಿ ಯಂತ್ರವನ್ನು ಮಲಗಿಸಲು ಇನ್ನೊಬ್ಬರು ಬೇಕು ಎಂಬುದು ಆಗ ತಿಳಿಯಿತು. ಆ ಕೆಲಸಕ್ಕೆ ನಾವು ನೇಮಿಸಿಕೊಂಡ ತಂತ್ರಾಂಶದ ಹೆಸರು ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’, ಬಳಸುವವರ ಬಾಯಲ್ಲಿ ‘ನಟ್’.

ಇದು ಮೂಲಸಂಕೇತ ಮುಕ್ತವಾಗಿರುವ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ. ಹಲವು ತಯಾರಕರ ಯುಪಿಎಸ್‌ಗಳ ಜೊತೆ ಮಾತನಾಡಬಲ್ಲದು. ಇದರೊಳಗೆ ಮೂವರು ಆಳುಗಳಿದ್ದಾರೆ ಎಂದುಕೊಂಡರೆ ಅರ್ಥ ಮಾಡಿಕೊಳ್ಳುವುದು ಸುಲಭ. ಯುಎಸ್‌ಬಿ ತಂತಿಯ ಮೂಲಕ ಯುಪಿಎಸ್‌ನ ಭಾಷೆ ಬಲ್ಲ ಡ್ರೈವರ್ ಮೊದಲನೆಯವನು. ಅವನು ತಂದ ಸುದ್ದಿಯನ್ನು ಕಚೇರಿಯ ಜಾಲದಲ್ಲಿ ಡಂಗುರ ಸಾರುವವನು ಎರಡನೆಯವನು. ಪ್ರತಿ ಕಂಪ್ಯೂಟರಿನಲ್ಲೂ ಕುಳಿತು ಡಂಗುರಕ್ಕೆ ಕಿವಿಗೊಟ್ಟು, ಸಮಯ ಬಂದಾಗ ಆ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುವವನು ಮೂರನೆಯವನು. ಒಂದೇ ಯುಪಿಎಸ್‌ಗೆ ನಾಲ್ಕು ಯಂತ್ರಗಳನ್ನು ಜೋಡಿಸಿ, ಯುಎಸ್‌ಬಿ ತಂತಿಯನ್ನು ಒಂದಕ್ಕೆ ಮಾತ್ರ ಸಿಕ್ಕಿಸಿದರೂ ಎಲ್ಲವೂ ಸುರಕ್ಷಿತವಾಗಿ ಮುಚ್ಚಿಕೊಳ್ಳುವುದು ಈ ವಿಂಗಡಣೆಯಿಂದಲೇ. ಸಿನಾಲಜಿ ಕಂಪನಿಯ ಕಡತ ಸಂಗ್ರಹ ಪೆಟ್ಟಿಗೆಗಳ ಒಳಗೆ ಕೆಲಸ ಮಾಡುವುದೂ ಇದೇ ತಂತ್ರಾಂಶ; ಅಂಥ ಪೆಟ್ಟಿಗೆ ಇಟ್ಟುಕೊಂಡವರು ಹೆಸರು ತಿಳಿಯದೆಯೇ ಇದನ್ನು ಬಳಸುತ್ತಿರುತ್ತಾರೆ. ಯುಪಿಎಸ್‌ನ ಸ್ಥಿತಿಯನ್ನು ಕೇಳುವ ಆದೇಶಕ್ಕೆ ‘ಯುಪಿಎಸ್‌ಸಿ’ ಎಂದು ಹೆಸರಿಟ್ಟಿದ್ದಾರೆ. ಮೊದಲ ದಿನ ನಾನು ಕಚೇರಿಯ ಹುಡುಗಿಗೆ “ಯುಪಿಎಸ್‌ಸಿ ಏನು ಹೇಳುತ್ತೆ ನೋಡಮ್ಮ” ಎಂದಾಗ, “ರಿಸಲ್ಟ್ ಬಂತಾ ಸಾರ್, ನಿಮ್ಮ ಕಡೆಯವರು ಯಾರಾದರೂ ಬರೆದಿದ್ದರಾ?” ಎಂದು ಅವಳು ಕೇಳಿದಳು.

ತಂತ್ರಾಂಶಕ್ಕಿಂತ ಮೊದಲು ಯುಪಿಎಸ್ ಕೊಳ್ಳುವ ವಿಷಯ. ಮಾತನಾಡಲು ಬಾಯಿಯೇ ಇಲ್ಲದ ಯುಪಿಎಸ್ ಜೊತೆ ಯಾವ ತಂತ್ರಾಂಶವೂ ಮಾತನಾಡಲಾರದು. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್‌ಗಳಲ್ಲಿ ಅನೇಕವಕ್ಕೆ ಯುಎಸ್‌ಬಿ ಕಿಂಡಿ ಇರುವುದಿಲ್ಲ. ಕೆಲವಕ್ಕೆ ಇದ್ದರೂ ಅದು ಮೊಬೈಲ್ ಚಾರ್ಜ್ ಮಾಡಲು ಮಾತ್ರ. ಕಂಪ್ಯೂಟರಿಗೆ ಮಾಹಿತಿ ಕಳಿಸುವ ಕಿಂಡಿಯೇ ಎಂದು ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ ಕೊಳ್ಳಬೇಕು. ನಮ್ಮದು 2022ರ ಆರಂಭದಲ್ಲಿ ಕೊಂಡ 1 ಕೆವಿಎ, ಅಂದರೆ 1000 ವಿಎ ಯುಪಿಎಸ್; ಅದು ಹೊರಬಲ್ಲ ನಿಜವಾದ ಹೊರೆ 600 ವ್ಯಾಟ್, ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಎರಡು ಮುಚ್ಚಿದ ಬ್ಯಾಟರಿಗಳು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವಿಎ ಸಂಖ್ಯೆಯನ್ನೇ ವ್ಯಾಟ್ ಎಂದು ತಿಳಿದು ಮೋಸ ಹೋದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಕಂಪನಿಯವರು ತಮ್ಮದೇ ತಂತ್ರಾಂಶವನ್ನು ಒಂದು ಸಿ.ಡಿ.ಯಲ್ಲಿ ಕೊಟ್ಟಿದ್ದರು, ಅದನ್ನು ಓದುವ ಡ್ರೈವ್ ನಮ್ಮ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ.

ಸರ್ವರಿನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಇದ್ದುದರಿಂದ ನಟ್‌ನ 2.8.0 ಆವೃತ್ತಿ ಒಂದೇ ಆದೇಶಕ್ಕೆ ಬಂದು ಕುಳಿತಿತು. ಆದರೆ ಅದನ್ನು ಕೆಲಸಕ್ಕೆ ಹಚ್ಚಲು ಒಂದು ಇಡೀ ಭಾನುವಾರ ಬೇಕಾಯಿತು. ಗುಂಡಿ ಒತ್ತಿ ಹೊಂದಿಸುವ ಪರದೆ ಇದಕ್ಕಿಲ್ಲ. ನಾಲ್ಕೈದು ಪಠ್ಯ ಕಡತಗಳನ್ನು ಕೈಯಾರೆ ತಿದ್ದಬೇಕು. ಯುಎಸ್‌ಬಿ ಮೂಲಕ ಮಾತನಾಡುವ ಅನುಮತಿ ಡ್ರೈವರ್‌ಗೆ ಸಿಗದೆ ಸತಾಯಿಸುವುದು ಹೊಸಬರೆಲ್ಲರೂ ಎಡವುವ ಕಲ್ಲು. ತಂತಿಯನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಿದರೆ ಬಹಳ ಸಲ ಅದು ಸರಿಹೋಗುತ್ತದೆ, ನಮ್ಮಲ್ಲೂ ಹಾಗೆಯೇ ಆಯಿತು. ಪುಟ ಕಟ್ಟುವ ಎರಡು ವಿಂಡೋಸ್ ಕಂಪ್ಯೂಟರುಗಳಿಗೆ ‘ವಿನ್‌ನಟ್’ ಎಂಬ ಪ್ರತ್ಯೇಕ ತಂತ್ರಾಂಶ ಹಾಕಿದೆವು. ಎಲ್ಲವೂ ಸಿದ್ಧವಾಯಿತೆಂದು ಬೀಗಿ ಗೋಡೆಯ ಸ್ವಿಚ್ ಆರಿಸಿದಾಗ, ವಿಂಡೋಸ್ ಕಂಪ್ಯೂಟರುಗಳು ಏನೂ ಆಗಿಲ್ಲವೆಂಬಂತೆ ಕುಳಿತಿದ್ದವು. ಸುದ್ದಿ ಸಾಗಿಸುವ ರೂಟರನ್ನೇ ಯುಪಿಎಸ್‌ಗೆ ಜೋಡಿಸದೆ ಗೋಡೆಯ ಪ್ಲಗ್ಗಿಗೆ ಹಾಕಿದ್ದೆವು. ಕರೆಂಟು ಹೋದೊಡನೆ ದಾರಿಯೇ ಮುಚ್ಚಿದ ಮೇಲೆ ಡಂಗುರ ಯಾರಿಗೆ ಕೇಳೀತು? ರೂಟರನ್ನೂ ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚನ್ನೂ ತಪ್ಪದೆ ಯುಪಿಎಸ್ ಕಡೆಗೆ ಸೇರಿಸಿ. ಲೇಸರ್ ಪ್ರಿಂಟರನ್ನು ಎಂದಿಗೂ ಸೇರಿಸಬೇಡಿ, ಅದರ ಕಾಯಿಸುವ ಭಾಗ ಒಮ್ಮೆಗೆ ಎಳೆಯುವ ಹೊರೆಯನ್ನು ಇಂಥ ಸಣ್ಣ ಯುಪಿಎಸ್ ತಾಳುವುದಿಲ್ಲ.

ಮುಚ್ಚುವ ಕ್ರಮವನ್ನು ಈ ತಂತ್ರಾಂಶ ಮಾಡಿದವರು ಎಷ್ಟು ಯೋಚಿಸಿ ಹೆಣೆದಿದ್ದಾರೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಅಂಶ. ಬ್ಯಾಟರಿಯ ಮೇಲೆ ನಡೆಯುತ್ತಿದೆ, ಬ್ಯಾಟರಿ ತಳ ಮುಟ್ಟಿದೆ ಎಂಬ ಎರಡೂ ಸೂಚನೆಗಳು ಒಟ್ಟಿಗೆ ಬಂದಾಗ, ತಂತಿ ಸಿಕ್ಕಿಸಿಕೊಂಡ ಮುಖ್ಯ ಯಂತ್ರ ಮೊದಲು ಉಳಿದವುಗಳಿಗೆ ಮುಚ್ಚಿಕೊಳ್ಳಲು ಹೇಳುತ್ತದೆ, ಅವು ಹೊರಟುಹೋಗುವವರೆಗೆ ಒಂದಿಷ್ಟು ಹೊತ್ತು ಕಾಯುತ್ತದೆ, ಆಮೇಲೆ ತಾನು ಮುಚ್ಚಿಕೊಳ್ಳುತ್ತದೆ, ಹೋಗುವ ಮುನ್ನ ಯುಪಿಎಸ್‌ಗೂ ಆರಿಕೊಳ್ಳಲು ಹೇಳಿ ಹೋಗುತ್ತದೆ. ಕೊನೆಯ ಹೆಜ್ಜೆ ಏಕೆಂದು ಮೊದಲು ನನಗೆ ಹೊಳೆದಿರಲಿಲ್ಲ. ಕಂಪ್ಯೂಟರುಗಳು ಮುಚ್ಚಿಕೊಳ್ಳುತ್ತಿರುವಾಗಲೇ ಕರೆಂಟು ವಾಪಸು ಬಂದರೆ, ಯುಪಿಎಸ್ ಆರದೇ ಇದ್ದ ಪಕ್ಷದಲ್ಲಿ ಆ ಕಂಪ್ಯೂಟರುಗಳಿಗೆ ವಿದ್ಯುತ್ ತಪ್ಪಿ ಮತ್ತೆ ಬಂದ ಅನುಭವವೇ ಆಗುವುದಿಲ್ಲ. ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಅವು ಮಲಗಿಯೇ ಇರುತ್ತವೆ. ಯುಪಿಎಸ್ ಒಮ್ಮೆ ಆರಿ ಹೊತ್ತಿದರೆ, ಕರೆಂಟು ಬಂದಾಗ ತಾನಾಗಿ ಏಳುವಂತೆ, ಯಂತ್ರದ ಮೂಲ ಹೊಂದಿಕೆಗಳಿರುವ ಬಯೋಸ್‌ನಲ್ಲಿ ಹೊಂದಿಸಿದ ಸರ್ವರ್ ತಾನೇ ಎದ್ದು ಕೂರುತ್ತದೆ. ಬೇಸಿಗೆಯ ಗಾಳಿಮಳೆಯಲ್ಲಿ ನಮ್ಮ ಕಡೆ ಕರೆಂಟು ಬಂತು ಎನ್ನುವಷ್ಟರಲ್ಲಿ ಮತ್ತೆ ಹೋಗುವುದು ಮಾಮೂಲು. ಬರಿದಾದ ಬ್ಯಾಟರಿ ಮತ್ತೆ ತುಂಬಲು ಆರೆಂಟು ಗಂಟೆ ಬೇಕಾದ್ದರಿಂದ, ಎದ್ದ ಕೂಡಲೇ ಮತ್ತೆ ಬೀಳುವ ಅಪಾಯ ಆಗಲೇ ಹೆಚ್ಚು. ಯುಪಿಎಸ್ ಮರಳಿ ಹೊತ್ತುವ ಮುನ್ನ ಕಾಯಬೇಕಾದ ಸಮಯ ನಮ್ಮ ಡ್ರೈವರಿನಲ್ಲಿ ಮೊದಲೇ 3 ನಿಮಿಷ ಎಂದಿತ್ತು. ನಾವು ಅದನ್ನು 10 ನಿಮಿಷಕ್ಕೆ ಏರಿಸಿಕೊಂಡೆವು.

ಇನ್ನು ಬ್ಯಾಟರಿಯ ಶೇಕಡಾವಾರು. ಪರದೆಯ ಮೇಲೆ ಎಲ್ಲರೂ ಮೊದಲು ನೋಡುವ ಅಂಕಿ ಇದೇ, ಇಡೀ ವ್ಯವಸ್ಥೆಯಲ್ಲಿ ನಂಬಿಕೆಗೆ ತೀರಾ ಕಡಿಮೆ ಅರ್ಹವಾದ ಅಂಕಿಯೂ ಇದೇ. ನಮ್ಮಂಥ ಸಾಧಾರಣ ಬೆಲೆಯ ಯುಪಿಎಸ್ ಬ್ಯಾಟರಿ ಎಷ್ಟು ತುಂಬಿದೆ ಎಂದು ಹೇಳುವುದೇ ಇಲ್ಲ, ಹೇಳುವುದು ವೋಲ್ಟೇಜನ್ನಷ್ಟೇ. ಉಳಿದದ್ದನ್ನು ಡ್ರೈವರ್ ಲೆಕ್ಕ ಹಾಕುತ್ತದೆ: ಬೇರೆ ಏನೂ ತಿಳಿಸದಿದ್ದರೆ 24 ವೋಲ್ಟಿನ ಜೋಡಿಗೆ 26 ವೋಲ್ಟ್ ಎಂದರೆ ನೂರು, 20.8 ವೋಲ್ಟ್ ಎಂದರೆ ಸೊನ್ನೆ, ನಡುವೆ ನೇರ ಗೆರೆ. ಚಾರ್ಜಿನಲ್ಲಿರುವಾಗ ಈ ಜೋಡಿಯ ಮೇಲೆ 27 ವೋಲ್ಟಿಗೂ ಹೆಚ್ಚು ಇರುವುದರಿಂದ ಪರದೆ ಸದಾಕಾಲ ನೂರು ತೋರಿಸುತ್ತದೆ. ಕರೆಂಟು ಹೋಗಿ ಹೊರೆ ಬಿದ್ದ ಕ್ಷಣ ವೋಲ್ಟೇಜು 24.5ಕ್ಕೆ ಕುಸಿದರೆ ಅಂಕಿ ಒಮ್ಮೆಗೇ 71ಕ್ಕೆ ಧುಮುಕುತ್ತದೆ; ಕರೆಂಟು ಬಂದ ಕೆಲವೇ ಕ್ಷಣದಲ್ಲಿ ಅರ್ಧ ಬರಿದಾದ ಬ್ಯಾಟರಿಯೂ ನೂರಕ್ಕೆ ನೂರು ಅಂಕ ಪಡೆದುಬಿಡುತ್ತದೆ. ಇದನ್ನು ನಟ್‌ನ ದೋಷವೆನ್ನಲಾಗದು, ಏಕೆಂದರೆ ಇದು ಅಂದಾಜು ಎಂದು ಅದರ ಕೈಪಿಡಿ ಮರೆಮಾಚದೆ ಹೇಳುತ್ತದೆ. ಎರಡು ಬೇರೆ ಬೇರೆ ಹೊರೆಗಳಲ್ಲಿ ಬ್ಯಾಟರಿ ಎಷ್ಟು ಹೊತ್ತು ಬಾಳಿತೆಂದು ನಾವೇ ಅಳೆದು ಬರೆದುಕೊಟ್ಟರೆ, ಉಳಿದ ಸಮಯವನ್ನು ಅದು ಇನ್ನಷ್ಟು ಚೆನ್ನಾಗಿ ಲೆಕ್ಕಿಸುತ್ತದೆ ಎಂಬುದನ್ನೂ ಅದೇ ಕೈಪಿಡಿ ತಿಳಿಸುತ್ತದೆ. 2023ರ ಆಗಸ್ಟಿನಲ್ಲಿ ಹಾಗೆಯೇ ಅಳೆದೆವು. ಹಗಲಿನ ಪೂರ್ಣ ಹೊರೆ, ಅಂದರೆ ಸುಮಾರು 220 ವ್ಯಾಟ್‌ಗೆ, 15 ನಿಮಿಷ ಸಿಕ್ಕಿತು.

ಆ 15 ನಿಮಿಷವನ್ನು ನಾವು ಒಂದು ವರ್ಷ ನಂಬಿ ಕುಳಿತೆವು. ಆಯುಧಪೂಜೆಗೆ ಯಂತ್ರಗಳನ್ನೆಲ್ಲ ಒರೆಸುವುದು ಹೇಗೂ ಇದ್ದೇ ಇದೆ ಎಂದು ವಾರ್ಷಿಕ ಪರೀಕ್ಷೆಯನ್ನು ಅದರ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೆವು. 2024ರಲ್ಲಿ ಕಡತಗಳನ್ನೆಲ್ಲ ಮುಚ್ಚಿ ಗೋಡೆಯ ಸ್ವಿಚ್ ಆರಿಸಿದಾಗ, ಆರನೆಯ ನಿಮಿಷಕ್ಕೆ ಎಲ್ಲವೂ ಕತ್ತಲಾಯಿತು. ಆ ಗಳಿಗೆಯಲ್ಲಿ ಪರದೆ ಇನ್ನೂ 9 ನಿಮಿಷ ಉಳಿದಿದೆ ಎನ್ನುತ್ತಿತ್ತು. ಮುಚ್ಚಳ ಬಿಚ್ಚಿದರೆ ಎರಡು ಬ್ಯಾಟರಿಗಳಲ್ಲಿ ಒಂದರ ಪಕ್ಕೆ ಹಲಸಿನ ಹಪ್ಪಳದಂತೆ ಉಬ್ಬಿ, ತಟ್ಟೆಯಿಂದ ಈಚೆಗೆ ಬರಲೊಲ್ಲದೆ ಸಿಕ್ಕಿಕೊಂಡಿತ್ತು. ಹಿಂದಿನ ಸಂಜೆಯವರೆಗೂ ಅದಕ್ಕೆ ಪರದೆಯಲ್ಲಿ ನೂರು ಅಂಕವೇ ಇತ್ತು. ತಂತ್ರಾಂಶ ಹೇಳುತ್ತಿದ್ದುದು ಒಂದು ವರ್ಷದ ಹಿಂದೆ ನಾವು ಅಳೆದ ಬ್ಯಾಟರಿಯ ಕಥೆಯನ್ನು. ಅಂದು ಪೆಟ್ಟಿಗೆಯೊಳಗಿದ್ದ ಬ್ಯಾಟರಿ ಬೇರೆಯೇ ಆಗಿತ್ತು. ಮುಚ್ಚಿದ ಬ್ಯಾಟರಿಗೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸುವಂತಿಲ್ಲ, ನೀರು ನೋಡುವಂತಿಲ್ಲ. ಹೊರೆ ಹಾಕಿ ಗಡಿಯಾರ ಹಿಡಿದು ಕೂರುವುದೊಂದೇ ಅದರ ಆರೋಗ್ಯ ತಿಳಿಯುವ ನಂಬಲರ್ಹ ದಾರಿ. ಮೂಲ ಸಾಮರ್ಥ್ಯದ ಶೇ. 80ಕ್ಕೆ ಇಳಿದಾಗ ಬದಲಿಸುವುದು ಈ ಬ್ಯಾಟರಿಗಳ ಮಟ್ಟಿಗೆ ಒಪ್ಪಿತವಾದ ವಾಡಿಕೆ. ನಮ್ಮದು ಅದನ್ನು ಎಂದೋ ದಾಟಿ ಬಂದಿತ್ತು.

ಹೊಸ ಜೋಡಿ ಕೊಳ್ಳುವಾಗ ಮಲ್ಟಿಮೀಟರ್ ಕೊಂಡೊಯ್ದಿದ್ದೆ. “ಸಾರ್, ಹೊಸ ಮಾಲು, ನಿನ್ನೆ ಬಂದಿದ್ದು” ಎಂದು ಅಂಗಡಿಯವರು ಕೊಟ್ಟ ಮೊದಲ ಬ್ಯಾಟರಿಯಲ್ಲಿ 12.4 ವೋಲ್ಟ್ ಇತ್ತು. ಅಂಗಡಿಗೆ ನಿನ್ನೆ ಬಂದಿರಬಹುದು, ಕಾರ್ಖಾನೆಯಿಂದ ಹೊರಟು ಬಹಳ ದಿನವಾಗಿರಬೇಕು. ಕಪಾಟಿನಲ್ಲಿ ಸುಮ್ಮನೆ ಕುಳಿತರೂ ಈ ಬ್ಯಾಟರಿಗಳು ತಿಂಗಳಿಗಿಷ್ಟು ಎಂದು ಬರಿದಾಗುತ್ತಲೇ ಇರುತ್ತವೆ. 12.8 ವೋಲ್ಟ್ ತೋರಿಸಿದ, ಒಂದೇ ತಿಂಗಳಲ್ಲಿ ತಯಾರಾದ ಎರಡನ್ನು ಆರಿಸಿ ತಂದೆ. ಕೆಟ್ಟದ್ದು ಒಂದೇ ಆದರೂ ಜೋಡಿಯನ್ನೇ ಬದಲಿಸಬೇಕು, ಹಳೆಯದರ ಜೊತೆ ಕಟ್ಟಿದ ಹೊಸದೂ ಬೇಗ ಹಾಳಾಗುತ್ತದೆ. ಹಳೆಯ ಬ್ಯಾಟರಿಗಳನ್ನು ಅದೇ ಅಂಗಡಿಗೆ ಒಪ್ಪಿಸಿದೆವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ಮನೆಯ ಕಸದೊಡನೆ ಹಾಕುವಂತಿಲ್ಲ. ಆ ಬ್ಯಾಟರಿ ಉಬ್ಬಿದ್ದಕ್ಕೆ ನಾವೂ ಕಾರಣರೇ. ಧೂಳು ಬೀಳದಿರಲೆಂದು ಯುಪಿಎಸ್ಸನ್ನು ಮೇಜಿನ ಕೆಳಗಿನ ಮರದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದೆವು. 25 ಡಿಗ್ರಿಯಿಂದ ಮೇಲಕ್ಕೆ ಸುಮಾರು ಪ್ರತಿ 10 ಡಿಗ್ರಿಗೆ ಇಂಥ ಬ್ಯಾಟರಿಯ ಆಯುಸ್ಸು ಅರ್ಧಕ್ಕರ್ಧ ಇಳಿಯುತ್ತದೆ. ಮೈಸೂರಿನ ಹವೆ ಎಷ್ಟೇ ತಂಪೆಂದು ನಾವು ಹೊಗಳಿಕೊಂಡರೂ ಕಪಾಟಿನೊಳಗಿನ ಹವೆ ಮೈಸೂರಿನದಲ್ಲ. ಈಗ ಅದು ಗೋಡೆಯಿಂದ ಒಂದು ಗೇಣು ದೂರದಲ್ಲಿ, ತೆರೆದ ಸ್ಟೂಲಿನ ಮೇಲಿದೆ. ಪೂಜೆಯ ದಿನ ಕುಂಕುಮ, ವಿಭೂತಿಗಳನ್ನು ಅದರ ಮುಂಭಾಗಕ್ಕೆ ಮಾತ್ರ ಹಚ್ಚಬೇಕು, ಮೇಲಿನ ಗಾಳಿಕಿಂಡಿಗಳಿಗೆ ಬೀಳಬಾರದು ಎಂಬುದು ಕಚೇರಿಯ ನಿಯಮ.

ಹೊಸ ಜೋಡಿ ಹಗಲಿನ ಅದೇ 220 ವ್ಯಾಟ್ ಹೊರೆಗೆ 19 ನಿಮಿಷ, ರಾತ್ರಿ ಸರ್ವರ್ ಮತ್ತು ರೂಟರ್ ಮಾತ್ರ ಇದ್ದಾಗ 92 ನಿಮಿಷ ಕೊಟ್ಟಿತು. 2025ರ ಆಯುಧಪೂಜೆಯ ಪರೀಕ್ಷೆಯಲ್ಲಿ ಹಗಲಿನ ಅಳತೆ 17 ನಿಮಿಷಕ್ಕೆ ಇಳಿದಿದ್ದರಿಂದ, ಅಂದೇ ಹೊಸ ಅಂಕಿಯನ್ನು ಕಡತದಲ್ಲಿ ತಿದ್ದಿದೆವು. ತಿಂಗಳಿಗೊಮ್ಮೆ ನಟ್‌ನ ಮೂಲಕವೇ ಯುಪಿಎಸ್‌ಗೆ ಹತ್ತು ಸೆಕೆಂಡುಗಳ ಕಿರುಪರೀಕ್ಷೆ ಮಾಡಿಸುತ್ತೇವೆ. ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ದ ಪ್ರಕಟಣೆಯಲ್ಲಿ ನಮ್ಮ ಬಡಾವಣೆಯ ಹೆಸರು ಬಂದ ದಿನ, ಇನ್ನೊಂದು ಪೂರ್ಣ ಪರೀಕ್ಷೆಯನ್ನು ಖರ್ಚಿಲ್ಲದೆ ಮುಗಿಸಿಕೊಳ್ಳುತ್ತೇವೆ. ಇದಕ್ಕಿಂತ ಹೆಚ್ಚು ಮಾಡಬಾರದು, ಪ್ರತಿ ಸಲ ತಳದವರೆಗೆ ಬರಿದು ಮಾಡುವುದೂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಯಂತ್ರಗಳನ್ನು ಮುಚ್ಚುವ ತೀರ್ಮಾನವನ್ನು ನಾವೀಗ ಶೇಕಡಾವಾರಿಗೆ ಬಿಟ್ಟಿಲ್ಲ. ನಟ್‌ನಲ್ಲಿ ಕಾಲ ಎಣಿಸುವ ಒಂದು ಭಾಗವಿದೆ. ಕರೆಂಟು ಹೋಗಿ 5 ನಿಮಿಷವಾದರೂ ಬರದಿದ್ದರೆ, ಬ್ಯಾಟರಿ ಎಷ್ಟೇ ಉಳಿದಿರಲಿ, ಎಲ್ಲವನ್ನೂ ಮುಚ್ಚು ಎಂದು ಅದಕ್ಕೆ ಹೇಳಿಟ್ಟಿದ್ದೇವೆ.

ನಾವು ಕೇಳದೆಯೇ ಸಿಕ್ಕ ಲಾಭ ಇನ್ನೊಂದಿದೆ. ಗೋಡೆಯಿಂದ ಬರುವ ವೋಲ್ಟೇಜನ್ನು ಅರ್ಧ ನಿಮಿಷಕ್ಕೊಮ್ಮೆ ದಾಖಲಿಸುವ ಒಂದು ಸಣ್ಣ ತಂತ್ರಾಂಶ ಇದರ ಜೊತೆಗೇ ಬರುತ್ತದೆ. ಕುತೂಹಲಕ್ಕೆಂದು ಒಂದು ವಾರದ ದಾಖಲೆಯನ್ನು ಬಿಡಿಸಿ ನೋಡಿದಾಗ, 228ರ ಆಸುಪಾಸಿನಲ್ಲಿದ್ದ ವೋಲ್ಟೇಜು ದಿನಕ್ಕೆ ಹಲವು ಸಲ 196ಕ್ಕೆ ಇಳಿದು ಮೇಲೇರುತ್ತಿತ್ತು. ಬೀದಿಯ ದೋಷವೆಂದು ಮೊದಲು ಭಾವಿಸಿದೆ; ಆದರೆ ಪಕ್ಕದ ಮನೆಯವರಲ್ಲಿ ದೀಪ ಮಂಕಾಗುತ್ತಿರಲಿಲ್ಲ. ಇಳಿದ ಗಳಿಗೆಗಳನ್ನು ಕೆಲಸದ ಪುಸ್ತಕದೊಡನೆ ತಾಳೆ ನೋಡಿದರೆ, ಪ್ರತಿ ಸಲವೂ ಲೇಸರ್ ಪ್ರಿಂಟರ್ ಕರಡು ಅಚ್ಚು ಹಾಕುತ್ತಿದ್ದ ಹೊತ್ತು. ಒಂದು ಪ್ರಿಂಟರಿಗೆ ಮೂವತ್ತು ವೋಲ್ಟ್ ಇಳಿಯಬೇಕಾದರೆ ದಾರಿಯಲ್ಲಿ ಎಲ್ಲೋ ಜೋಡಣೆ ಸಡಿಲವಿರಬೇಕು. ಎಲೆಕ್ಟ್ರಿಷಿಯನ್ ಬಂದು ಮೇನ್ ಸ್ವಿಚ್ಚಿನ ಪೆಟ್ಟಿಗೆ ತೆಗೆದು, “ನೋಡಿ ಸಾರ್, ನ್ಯೂಟ್ರಲ್ ಸ್ಕ್ರೂ ಸುಟ್ಟು ಕರಕಲಾಗಿದೆ, ಇನ್ನೊಂದು ತಿಂಗಳು ಬಿಟ್ಟಿದ್ರೆ ಬೋರ್ಡೇ ಹೊತ್ಕೊಳ್ತಿತ್ತು” ಎಂದರು. ಎಂಬತ್ತು ವರ್ಷದ ಮನೆಯ ಮರದ ಹಲಗೆಯ ಮೇಲೆ ಕೂರಿಸಿದ ಬೋರ್ಡು ಅದು. ಬೇರೆ ಯಾವ ಕಾರಣಕ್ಕೂ ಅಲ್ಲದಿದ್ದರೆ ಈ ಒಂದು ದಾಖಲೆಗಾಗಿಯಾದರೂ ನಟ್ ಹಾಕಿಕೊಳ್ಳಿ ಎಂದು ಹಳೆಯ ಕಟ್ಟಡಗಳಲ್ಲಿ ಕಚೇರಿ ಇಟ್ಟಿರುವ ಗೆಳೆಯರಿಗೆ ಹೇಳುತ್ತಿರುತ್ತೇನೆ.

ಮನೆಯ ಇನ್ವರ್ಟರಿಗೆ ಇದರಿಂದ ಏನಾದರೂ ಉಪಯೋಗವಿದೆಯೇ ಎಂದು ಕೇಳಿದವರಿದ್ದಾರೆ. ನಮ್ಮ ಮನೆಯದಕ್ಕೆ ಮಾಹಿತಿಯ ಕಿಂಡಿಯೇ ಇಲ್ಲ. ಅದರ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಗೆ ಬೇಕಾದ್ದು ಹೊತ್ತಿಗೆ ಸರಿಯಾಗಿ ಡಿಸ್ಟಿಲ್ಡ್ ವಾಟರ್, ತುದಿಗಳಿಗೆ ಸ್ವಲ್ಪ ವ್ಯಾಸಲೀನ್, ತಿಂಗಳಿಗೊಮ್ಮೆ ಹೈಡ್ರೋಮೀಟರ್. ನಲ್ಲಿಯ ಕಾವೇರಿ ನೀರು ಕುಡಿಯಲು ಎಷ್ಟೇ ಸಿಹಿಯಾದರೂ ಬ್ಯಾಟರಿಗೆ ಹಾಕುವಂಥದ್ದಲ್ಲ.

ಕೊರತೆಗಳನ್ನೂ ಹೇಳಬೇಕು. ನಮ್ಮ ಯುಪಿಎಸ್ ಆಗೊಮ್ಮೆ ಈಗೊಮ್ಮೆ ಯುಎಸ್‌ಬಿಯಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿಬಿಡುತ್ತದೆ, ಆಗ ನಟ್ ‘ಮಾಹಿತಿ ಹಳತಾಗಿದೆ’ ಎಂದು ದೂರುತ್ತದೆ. ಉದ್ದದ ತಂತಿ ತೆಗೆದು ಗಿಡ್ಡದನ್ನು ಹಾಕಿದ ಮೇಲೆ ಇದು ಬಹಳ ಕಡಿಮೆಯಾಯಿತಾದರೂ ಪೂರ್ತಿ ಹೋಗಿಲ್ಲ. ಕೈಪಿಡಿ ವಿಸ್ತಾರವಾಗಿದೆ, ಪ್ರಾಮಾಣಿಕವಾಗಿದೆ, ಆದರೆ ಎಲ್ಲಿಂದ ಆರಂಭಿಸಬೇಕೆಂಬುದು ಹೊಸಬರಿಗೆ ತಿಳಿಯುವಂತಿಲ್ಲ. ಲಿನಕ್ಸ್ ಮುಟ್ಟಿರದವರು ಬಲ್ಲವರೊಬ್ಬರನ್ನು ಒಂದು ದಿನದ ಮಟ್ಟಿಗೆ ಕರೆಸಿಕೊಳ್ಳುವುದು ಮೇಲು. ಐದಕ್ಕೆ ನಾನು ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದಂಕ ಆ ಭಾನುವಾರದ ಲೆಕ್ಕಕ್ಕೆ.

ಇದು ಕಳಿಸುವ ಎಚ್ಚರಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ, ಆದರೆ ಪ್ರತಿ ಸಂದರ್ಭದ ವಾಕ್ಯವನ್ನೂ ನಮಗೆ ಬೇಕಾದಂತೆ ಬರೆದುಕೊಳ್ಳಲು ಅವಕಾಶವಿದೆ. ಹಾಗಾಗಿ ಕರೆಂಟು ಹೋದೊಡನೆ ನಮ್ಮ ಮೂವರ ಮೊಬೈಲಿಗೂ “ಕರೆಂಟು ಹೋಗಿದೆ, ಐದು ನಿಮಿಷದಲ್ಲಿ ಮುಚ್ಚುತ್ತೇನೆ, ಪುಟ ಉಳಿಸಿಕೊಳ್ಳಿ” ಎಂಬ ಸಂದೇಶ ಬರುತ್ತದೆ. ಈ ಏಪ್ರಿಲ್‌ನ ಒಂದು ರಾತ್ರಿ 2 ಗಂಟೆ 10 ನಿಮಿಷಕ್ಕೆ ಅದು ಬಂದಾಗ ನಾನು ಕಣ್ಣು ಬಿಟ್ಟು ಓದಿ ಮತ್ತೆ ಮಲಗಿದೆ. 3 ಗಂಟೆಗೆ “ಕರೆಂಟು ಬಂದಿದೆ, ಸರ್ವರ್ ಎದ್ದಿದೆ” ಎಂದು ಬಂದದ್ದನ್ನು ಬೆಳಿಗ್ಗೆ ಕಾಫಿಯ ಹೊತ್ತಿಗೆ ನೋಡಿದೆ.